ಮಣ್ಣಿನ ಸಾಲು

ಕಾಮಗೆರೆಯ ಮಾದಸ್ವಾಮಿ ಮಾದಪ್ಪನ ಗುಡ್ಡ. ಬೆಟ್ಟದಲ್ಲಿ ದೀಕ್ಷೆ ಪಡೆದು, ಕೊರಳಿಗೆ ರುದ್ರಾಕ್ಷಿ ಧರಿಸಿ, ಕಂಚಿನ ಕಂಸಾಳೆ ಬಡಿಯುತ್ತ ಸ್ವಾಮಿಯ ಕಥೆ ಹಾಡುವವರಿಗೆ ನಮ್ಮಲ್ಲಿ ದೇವರ ಗುಡ್ಡರು ಎನ್ನುತ್ತಾರೆ. ಹನೂರಿನಿಂದ ಕೊಳ್ಳೇಗಾಲದವರೆಗೆ ಗುಡ್ಡರು ಬಹಳ ಮಂದಿ ಇದ್ದರು. ಆದರೆ ಮಾದಸ್ವಾಮಿಯ ಗುರುಮನೆಯವರಲ್ಲಿ ಬೇರೆ ಯಾರಲ್ಲೂ ಇಲ್ಲದ ಒಂದು ಕಟ್ಟಳೆ ಇತ್ತು. ಆ ಮನೆಗೆ ಸೇರಿದ ಗುಡ್ಡನಾಗಲಿ, ಅವನ ಹೆಂಡತಿಯಾಗಲಿ ತೀರಿಕೊಂಡರೆ, ಗುಂಡಿಗೆ ಇಳಿಸಿದ ಮೇಲೆ, ಮಣ್ಣು ಎಳೆಯುವ ಮೊದಲು, ಸತ್ತವರಿಗೆ ಒಂದು ಸಾಲು ಹಾಡಿ ಕೇಳಿಸಬೇಕು. ಅದಕ್ಕೆ ಮಣ್ಣಿನ ಸಾಲು ಎಂದು ಹೆಸರು. ಅದನ್ನು ಕೇಳಿದ ಜೀವ ದಾರಿ ತಪ್ಪದೆ ಸ್ವಾಮಿಯ ಪಾದ ಸೇರುತ್ತದೆ, ಕೇಳದ ಜೀವ ಹೊಲದ ಬದುಗಳ ಮೇಲೆ ಅಲೆಯುತ್ತದೆ ಎಂದು ನಂಬಿಕೆ.

ಆ ಸಾಲು ಒಂದು ಕಾಲಕ್ಕೆ ಒಬ್ಬನ ಬಾಯಲ್ಲಿ ಮಾತ್ರ ಇರತಕ್ಕದ್ದು. ಅವನು ಗುಂಡಿಯ ಪಕ್ಕದಲ್ಲಿ ನಿಂತು ಹಾಡುವಾಗ ಮಿಕ್ಕವರೆಲ್ಲ ಮಾತು ಕೇಳಿಸದಷ್ಟು ದೂರ ಹೋಗಿ ನಿಲ್ಲಬೇಕು. ತನ್ನ ಕಾಲ ಸಮೀಪಿಸಿತು ಎನ್ನಿಸಿದಾಗ ಅವನು ವಿಭೂತಿ ಧರಿಸಿ, ದೀಪ ಹಚ್ಚಿ, ಇನ್ನೊಬ್ಬನನ್ನು ಎದುರಿಗೆ ಕೂರಿಸಿಕೊಂಡು ಒಪ್ಪಿಸಬೇಕು. ಮೂರನೆಯ ಕಿವಿ ಅಲ್ಲಿರಬಾರದು. ಒಮ್ಮೆ ಒಪ್ಪಿಸಿದ ಮೇಲೆ ಒಪ್ಪಿಸಿದವನು ಅದನ್ನು ಮತ್ತೆ ಬಾಯಿಗೆ ತರುವಂತಿಲ್ಲ. ಕೊಟ್ಟದ್ದು ಕೊಟ್ಟಹಾಗೆ.

ಮಾದಸ್ವಾಮಿಗೆ ಮಕ್ಕಳಿರಲಿಲ್ಲ. ಸಾಲನ್ನು ಪಡೆಯಬೇಕಾಗಿದ್ದವನು ಅವನ ತಮ್ಮ ಚಿಕ್ಕಸಿದ್ದಯ್ಯ. ಹುಡುಗನಾಗಿದ್ದಾಗಿನಿಂದ ಅಣ್ಣನ ಹಿಂದೆ ನಿಂತು ಹಿಮ್ಮೇಳದ ಸೊಲ್ಲು ಹಿಡಿದವನು ಅವನೇ. ಅಣ್ಣ ಒಂದು ಸಾಲನ್ನು ಎಲ್ಲಿ ಬಿಡುತ್ತಾನೆ, ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಎಂಬುದು ಅವನಿಗೆ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಸ್ವಾತಂತ್ರ್ಯ ಬಂದ ಮೇಲಿನ ಮೊದಲನೆಯ ಚುನಾವಣೆಯಲ್ಲಿ ಚಿಕ್ಕಸಿದ್ದಯ್ಯ ಒಬ್ಬ ಉಮೇದುವಾರರ ಮೆರವಣಿಗೆಯ ಮುಂದೆ ಕಂಸಾಳೆ ಬಡಿದುಕೊಂಡು ಕೊಳ್ಳೇಗಾಲದ ಬೀದಿಯಲ್ಲಿ ಹೋದ. ಆ ಸುದ್ದಿ ಅವನಿಗಿಂತ ಮೊದಲೇ ಮನೆಗೆ ಬಂತು.

"ಮಾದಪ್ಪನ ತಾಳವ ವೋಟು ಕೇಳಕ್ಕೆ ಬಡ್ದಲ್ಲ, ನಿನ್ ಕೈ ನಡುಗ್ನಿಲ್ವ?" ಎಂದು ಅಣ್ಣ ಕೇಳಿದ.

"ಊಟ ಆಕುದ್ರು, ಪಂಚೆ ಕೊಟ್ರು. ನೀನು ಭಿಕ್ಸಕ್ಕೋದ್ರೂ ಅಷ್ಟೇ ತಾನೆ ಅಣ್ಣ ಕೊಡೋದು."

"ನಾನು ಬೇಡೋದು ಸ್ವಾಮಿ ಎಸ್ರಲ್ಲಿ. ನೀನು ಬೇಡಿದ್ದು ಯಾರೆಸ್ರಲ್ಲಿ?"

ಚಿಕ್ಕಸಿದ್ದಯ್ಯ ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹಾಗೆ ಅನ್ನಲಿಲ್ಲ. ಬದಲಿಗೆ, "ಪಂಚೆ ಚೆನ್ನಾಗದೆ, ಬೇಕಾದ್ರೆ ನೀನುಟ್ಕೊ" ಎಂದು ನಕ್ಕ. ಮಾದಸ್ವಾಮಿ ಅಂದಿನಿಂದ ಅವನನ್ನು ತನ್ನ ಹಿಂದೆ ನಿಲ್ಲಿಸಿಕೊಳ್ಳಲಿಲ್ಲ. ಒಬ್ಬನೇ ಹಾಡಿದ. ಹಿಮ್ಮೇಳವಿಲ್ಲದ ಹಾಡು ಕೇಳುವವರಿಗೂ ಕಷ್ಟ, ಹಾಡುವವನಿಗೂ ಕಷ್ಟ. ಮಾದಸ್ವಾಮಿಯ ಹೆಂಡತಿ ಗೋವಿಂದಮ್ಮ ಇಬ್ಬರಿಗೂ ಹೇಳಿ ನೋಡಿದಳು. ಇಬ್ಬರೂ ಒಂದೇ ತಾಯಿಯ ಮಕ್ಕಳು. ಹಟದಲ್ಲಿ ಒಬ್ಬರಿಗೊಬ್ಬರು ಬಿಟ್ಟುಕೊಡಲಿಲ್ಲ.

ಹೀಗಿರುವಾಗ ಮರುವರ್ಷ ಸುಗ್ಗಿಯ ಕಾಲದಲ್ಲಿ ಚಿತ್ರ ತೆಗೆಯುವವರು ಬಂದರು.

ಅವರು ಬೊಂಬಾಯಿಯ ಕಡೆಯವರು. ದೇಶದ ಕಲೆಗಳನ್ನೂ ಕಲಾವಿದರನ್ನೂ ಕುರಿತು ಒಂದು ಸಣ್ಣ ಚಿತ್ರ ತೆಗೆದು, ಸಿನಿಮಾ ಟೆಂಟುಗಳಲ್ಲಿ ದೊಡ್ಡ ಆಟದ ಮೊದಲು ತೋರಿಸಬೇಕೆಂದು ಅವರಿಗೆ ಸರ್ಕಾರದ ಅಪ್ಪಣೆಯಾಗಿತ್ತು. ಯಳಂದೂರಿನಲ್ಲಿ ಕಲ್ಲಿನ ಮಂಟಪವನ್ನು ತೆಗೆದಿದ್ದರು, ಕೊಳ್ಳೇಗಾಲದಲ್ಲಿ ರೇಷ್ಮೆಯ ಮಗ್ಗವನ್ನು ತೆಗೆದಿದ್ದರು. ಇನ್ನೊಬ್ಬ ಹಾಡುಗಾರ ಬೇಕಾಗಿತ್ತು. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ಸದಾಶಿವಪ್ಪನವರ ಮಗ ಷಡಕ್ಷರಿ ಮೈಸೂರಿನಲ್ಲಿ ಬಿ.ಎ. ಮಾಡಿದವನು, ಇಂಗ್ಲಿಷ್ ಚೆನ್ನಾಗಿ ಬಲ್ಲವನು. ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ಹೇಳಲು ಅವನೇ ಜೊತೆಯಲ್ಲಿ ತಿರುಗುತ್ತಿದ್ದ. ಅವನೇ ಚಿತ್ರದ ಡೈರೆಕ್ಟರನ್ನು ಮಾದಸ್ವಾಮಿಯ ಮನೆಗೆ ಕರೆತಂದ.

"ದಿಲ್ಲಿ ಸರ್ಕಾರದವರು ಕಲಾವಿದರ ಪಿಕ್ಚರ್ ತೆಗೀತಿದ್ದಾರೆ ಮಾದಸ್ವಾಮಿ. ನೀವೂ ಕಲಾವಿದರು ತಾನೆ?"

"ಅದ್ಯಾವ ಕುಲ ಬುದ್ದಿ? ನಾವು ಗುಡ್ಡರು."

ಒಳಗಿನಿಂದ ಗೋವಿಂದಮ್ಮ, "ದೊಡ್ಡ ಕುಲವೇ ಇರ್ಬೇಕು, ಕಾರಲ್ಲಿ ಉಡೀಕಂಡು ಬಂದವ್ರೆ" ಎಂದಳು.

ಷಡಕ್ಷರಿ ನಕ್ಕು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಡೈರೆಕ್ಟರೂ ನಕ್ಕರು. ಅವರು ಕೆಟ್ಟವರಲ್ಲ. ಬಿಸಿಲಿಗೆ ಮುಖ ಕೆಂಪಾಗಿ, ಕೊಟ್ಟ ಮಜ್ಜಿಗೆಯನ್ನು ಎರಡು ಸಲ ಕೇಳಿ ಕುಡಿದರು.

ಮಾದಸ್ವಾಮಿ ಚಿತ್ರ ಹಿಡಿಯುವ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಅವನು ಸಿನಿಮಾ ಕಂಡವನಲ್ಲ. ಕೊಳ್ಳೇಗಾಲದ ಟೆಂಟಿನ ಮುಂದೆ ಭಿಕ್ಷೆಗೆ ಹೋಗಿದ್ದನೇ ಹೊರತು ಒಳಗೆ ಹೋಗಿರಲಿಲ್ಲ.

"ಇದ್ರೊಳ್ಗೆ ಓಗಿದ್ದು ಎಷ್ಟು ದಿಸ ಇರ್ತದೆ ಬುದ್ದಿ?" ಎಂದು ಷಡಕ್ಷರಿಯನ್ನು ಕೇಳಿದ.

"ಎಷ್ಟು ವರ್ಷ ಬೇಕಾದ್ರೂ ಇರುತ್ತೆ."

"ನಾನು ಸತ್ರೂ?"

"ನೀವು ಸತ್ತರೂ, ನಾನು ಸತ್ತರೂ."

"ನಾನು ಆಡಿದ್ದೂ?"

"ಅದೂ ಇರುತ್ತೆ. ಎಲ್ಲಾ ಹಿಡಿಯುತ್ತೆ ಅದು" ಎಂದ ಷಡಕ್ಷರಿ.

ಅವನು ಸುಳ್ಳು ಹೇಳಲಿಲ್ಲ. ಮೈಸೂರಿನಲ್ಲಿ ಎಷ್ಟೋ ಸಿನಿಮಾ ನೋಡಿದ್ದ. ತೆರೆಯ ಮೇಲಿನ ಜನ ಮಾತಾಡುತ್ತಿದ್ದರು, ಹಾಡುತ್ತಿದ್ದರು. ಆ ದನಿ ಎಲ್ಲಿಂದ ಬರುತ್ತದೆ, ಅದನ್ನು ಹಿಡಿಯುವ ಯಂತ್ರ ಯಾವುದು ಎಂದು ಕೇಳಬೇಕೆಂದು ಅವನಿಗೆ ಯಾವತ್ತೂ ತೋಚಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ಡೈರೆಕ್ಟರನ್ನು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಅವನು ಕೇಳಲಿಲ್ಲ.

ಮಾರನೆಯ ದಿನ ಕೆರೆಯ ಏರಿಯ ಕೆಳಗೆ, ಹುಣಸೆಮರಗಳ ಈಚೆ ಇರುವ ಬಯಲಿನಲ್ಲಿ ಎಲ್ಲರೂ ಸೇರಿದರು. ಸ್ವಾಮಿಯ ಕಥೆಯನ್ನು ಹಾಡುವುದು ದೀಪ ಹಚ್ಚಿದ ಮೇಲೆ. ಆದರೆ ಇವರ ಯಂತ್ರಕ್ಕೆ ಬಿಸಿಲು ಬೇಕು. ಕೊನೆಗೆ ಹಗಲಿನಲ್ಲಿಯೇ ದೀಪ ಹಚ್ಚಿಟ್ಟರು. ಬೆಳ್ಳಿಯ ಕಾಗದ ಅಂಟಿಸಿದ ಹಲಗೆಗಳನ್ನು ಹಿಡಿದು ಬಿಸಿಲನ್ನು ಮಾದಸ್ವಾಮಿಯ ಮುಖಕ್ಕೆ ತಿರುಗಿಸಿದರು. ಅಂಗಿ ತೆಗೆಯಿರಿ ಎಂದರು, ತೆಗೆದ. ರುಮಾಲು ಬಿಚ್ಚಿರಿ ಎಂದರು.

"ರುಮಾಲು ಬುಡಲ್ಲ ಬುದ್ದಿ. ಬೋಳ್ತಲೇಲಿ ಸ್ವಾಮಿ ಎಸ್ರು ಏಳಲ್ಲ" ಎಂದ. ಡೈರೆಕ್ಟರು ಒಪ್ಪಿಕೊಂಡರು.

ಒಬ್ಬನೇ ಹಾಡಿದರೆ ಚಿತ್ರ ಬರಿದಾಗಿ ಕಾಣುತ್ತದೆ, ಹಿಂದೆ ಯಾರಾದರೂ ಬೇಕು ಎಂದು ಅವರು ಹೇಳಿದಾಗ ಊರಿನ ಪಟೇಲರಾದ ಕೆಂಪನಂಜಪ್ಪನವರು ಚಿಕ್ಕಸಿದ್ದಯ್ಯನನ್ನು ಮುಂದಕ್ಕೆ ತಳ್ಳಿದರು. ಅಣ್ಣ ಬೇಡವೆನ್ನಲಿಲ್ಲ. ಬಹುದಿನದ ಮೇಲೆ ಇಬ್ಬರೂ ಒಟ್ಟಿಗೆ ಹಾಡಿದರು. ಗೋವಿಂದಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು. ಅಣ್ಣತಮ್ಮಂದಿರ ಜಗಳ ಇಲ್ಲಿಗೆ ತೀರಿತು ಎಂದು ನೋಡಿದವರೆಲ್ಲ ಅಂದುಕೊಂಡರು. ಚಿಕ್ಕಸಿದ್ದಯ್ಯನೂ ಅಂದುಕೊಂಡ.

ಡೈರೆಕ್ಟರು ಕೈಯೆತ್ತಿ ಸಾಕು ಎಂದರು. ಮಾದಸ್ವಾಮಿ ನಿಲ್ಲಿಸಲಿಲ್ಲ. ಹಿಡಿದ ಸಾಲನ್ನು ನಡುವೆ ಬಿಡುವಂತಿಲ್ಲ. ಅವನು ಮುಗಿಸುವ ಹೊತ್ತಿಗೆ ಅವರು ಬೆಳ್ಳಿಯ ಹಲಗೆಗಳನ್ನು ಕಾರಿಗೆ ಏರಿಸಿ ಆಗಿತ್ತು. ಪೆಟ್ಟಿಗೆಯನ್ನು ಅದರ ಮೂರು ಕಾಲಿನ ಮೇಲಿಂದ ಇಳಿಸಲು ಹೋದಾಗ ಮಾದಸ್ವಾಮಿ ಷಡಕ್ಷರಿಯನ್ನು ಕರೆದ.

"ಅದ ಎತ್ಬ್ಯಾಡಿ ಅನ್ನಿ. ಇನ್ನೊಂದದೆ, ಒಪ್ಪಿಸ್ಬೇಕು. ಅದು ಮುಗಿಯಗಂಟ ಪೆಟ್ಗೆ ನನ್ನೆದುರ್ಗೆ ಇರ್ಲಿ. ನೀವೂ ಊರೋರೂ ಏರಿ ಆಚ್ಗೋಗಿ."

"ಮಿಷಿನ್ನಿನವನು?"

"ಅವ್ನಿಗೆ ನಮ್ಮ ಮಾತು ಬರ್ತದಾ?"

"ಬರಲ್ಲ. ಡೈರೆಕ್ಟರಿಗೂ ಬರಲ್ಲ."

"ಹಂಗಾರೆ ಇರ್ಲಿ. ಮಾತು ಬರ್ದಿದ್ ಕಿವಿ ಕಿವಿಯಲ್ಲ."

ಚಿಕ್ಕಸಿದ್ದಯ್ಯನಿಗೆ ಅರ್ಥವಾಯಿತು. ಅವನು ಕಂಸಾಳೆಯನ್ನು ಕೆಳಗಿಟ್ಟು ಅಣ್ಣನ ಮುಂದೆ ಬಂದು ನಿಂತ.

"ಅಣ್ಣ, ಅದು ನಂಗೆ ಕೊಡ್ಬೇಕಾದ್ದು."

"ಈ ಪೆಟ್ಗೆ ವೋಟಿಗೋಗಲ್ಲ ಕಣ್ಲಾ. ಇಸ್ಕಂಡಿದ್ನ ಸುಮ್ನೆ ಮಡಿಕಂಡಿರ್ತದೆ. ತಕ್ಕೋನು ಅಂತ ಒಬ್ಬ ಉಟ್ಟುದ್ರೆ ಓಗಿ ಕೇಳ್ಕಳ್ಲಿ."

"ನಾನು ಸೊಲ್ಲು ಇಡ್ದಿದ್ದೆಲ್ಲ ಏನಾಯ್ತು?"

"ಈಗ್ತಾನೆ ಇಡುದ್ಯಲ್ಲ. ಚೆಂದಾಗಿತ್ತು. ಓಗು ಆಚ್ಗೆ."

ಆ ಮಾತಿನಲ್ಲಿ ಕೋಪವಿರಲಿಲ್ಲ. ಅದರಿಂದ ಚಿಕ್ಕಸಿದ್ದಯ್ಯನಿಗೆ ಇನ್ನೂ ಹೆಚ್ಚು ನೋವಾಯಿತು. ಕೆಂಪನಂಜಪ್ಪನವರು ಅವನ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಗೋವಿಂದಮ್ಮನೂ ಹೋದಳು. ಷಡಕ್ಷರಿ ಡೈರೆಕ್ಟರಿಗೆ ಏನೋ ಹೇಳಿದ. ಮುದುಕನ ಮನಸ್ಸು ಯಾಕೆ ನೋಯಿಸಬೇಕು ಎಂದು ಅವರು ಒಪ್ಪಿಕೊಂಡು, ಪೆಟ್ಟಿಗೆಯನ್ನು ಇದ್ದಲ್ಲಿಯೇ ಬಿಡಲು ಹೇಳಿದರು. ಷಡಕ್ಷರಿಯೂ ಏರಿ ಹತ್ತಿ ಬಂದ.

ಏರಿಯ ಆಚೆಯಿಂದ ಅವರಿಗೆ ಕಂಡದ್ದು ಇಷ್ಟು. ಮಾದಸ್ವಾಮಿ ಪೆಟ್ಟಿಗೆಯ ಎದುರಿಗೆ ಮಂಡಿಯೂರಿ ಕೂತಿದ್ದ. ಡೈರೆಕ್ಟರು ಹುಣಸೆಮರದ ನೆರಳಿಗೆ ಹೋಗಿ ಸಿಗರೇಟು ಹಚ್ಚಿದರು. ಮಿಷಿನ್ನಿನವನು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದ. ನಡುವೆ ಡೈರೆಕ್ಟರು ಏನನ್ನೋ ಕಂಡು ಬೇಗ ಕೈ ತೋರಿಸಿದಾಗ ಅವನು ಬಗ್ಗಿ ಕಣ್ಣಿಟ್ಟ, ಸ್ವಲ್ಪ ಹೊತ್ತಿಗೆ ಮತ್ತೆ ನೆಟ್ಟಗೆ ನಿಂತ. ಮಾದಸ್ವಾಮಿ ಮಾತ್ರ ಹಾಡುತ್ತಲೇ ಇದ್ದ. ಗಾಳಿ ಈ ಕಡೆ ತಿರುಗಿದಾಗ, ಮಾತಿಲ್ಲದ ಒಂದು ಗುಂಯ್ಗುಡುವಿಕೆ ಮಾತ್ರ ಏರಿಯವರೆಗೆ ಬರುತ್ತಿತ್ತು.

ಮುಗಿದ ಮೇಲೆ ಅವನು ಎದ್ದು ಆ ಪೆಟ್ಟಿಗೆಗೆ ವಿಭೂತಿ ಹಚ್ಚಿ ಕೈಮುಗಿದ. ಮಿಷಿನ್ನಿನವನು ಅದನ್ನು ಅಳಿಸಲಿಲ್ಲ. ಕಾರು ಹೊರಟಾಗಲೂ ವಿಭೂತಿ ಹಾಗೆಯೇ ಇತ್ತು.

ಆಮೇಲೆ ಮಾದಸ್ವಾಮಿ ಹೆಚ್ಚು ದಿನ ಇರಲಿಲ್ಲ. ಬೇಸಗೆ ಕಳೆಯುವ ಹೊತ್ತಿಗೆ ಎದೆಯಲ್ಲಿ ಕಫ ಕಟ್ಟಿಕೊಂಡಿತು. ಊರಿನ ಆಸ್ಪತ್ರೆಯ ಔಷಧಿ ತಂದುಕೊಟ್ಟರು. ಕುಡಿದ, ಗುಣವಾಗಲಿಲ್ಲ. ಚಿಕ್ಕಸಿದ್ದಯ್ಯ ಹಗಲೆಲ್ಲ ಅಣ್ಣನ ತಲೆದೆಸೆಯಲ್ಲಿ ಕೂತಿರುತ್ತಿದ್ದ. ತಪ್ಪಾಯಿತು ಎಂಬ ಮಾತನ್ನು ಅವನು ಆಗ ಆಡಿದ.

"ತಪ್ಪಾಯ್ತು ಕಣಣ್ಣ. ಈಗ್ಲಾರ ಆ ಸಾಲು ಕೊಡು. ನಾಳೆ ನಿನ್ ಗುಂಡಿ ತಾವು ನಿಂತ್ಕಂಡು ಯಾರು ಆಡ್ಬೇಕು?"

ಮಾದಸ್ವಾಮಿ ತಮ್ಮನ ಕೈ ಹಿಡಿದುಕೊಂಡ. ಅವನ ಮನಸ್ಸು ಕರಗಿತ್ತು. ಆದರೆ ಕಟ್ಟಳೆ ಕರಗುವುದಲ್ಲ.

"ಕೊಟ್ಬುಟ್ಟಿವ್ನಿ ಸಿದ್ದ. ಎರಡ್ನೇ ಸಲ ಬಾಯ್ಗೆ ತರಂಗಿಲ್ಲ. ಪೆಟ್ಗೇಲದೆ. ಅದು ಬಂದಾಗ ನೀನೇ ಓಗಿ ಕೇಳ್ಕೊ. ನೀನೇ ತಕ್ಕೋನು, ಓಗು."

"ಅಲ್ಲಿಗಂಟ ನಿನ್ಗೆ?"

"ನಾನು ಕಾಯ್ಕಂಡಿರ್ತೀನಿ."

ಎರಡು ದಿನದ ಮೇಲೆ ಅವನು ಸ್ವಾಮಿಯ ಪಾದ ಸೇರಿದ ಎಂದು ಬರೆಯಲು ನನಗೆ ಆಸೆ. ತೀರಿಕೊಂಡ ಎಂದಷ್ಟೇ ಬರೆಯಬಲ್ಲೆ.

ಅವನನ್ನು ಗುಂಡಿಗೆ ಇಳಿಸಿದ ಕೂಡಲೆ ಜನರೆಲ್ಲ ಅಭ್ಯಾಸದಿಂದ ಹಿಂದೆ ಸರಿದು ದೂರ ಹೋಗಿ ನಿಂತರು. ಗುಂಡಿಯ ಬಳಿ ಯಾರೂ ಉಳಿಯಲಿಲ್ಲ. ಹಾಗೆ ಎಷ್ಟೋ ಹೊತ್ತು ನಿಂತಿದ್ದರು. ಗಾಳಿ ಬೀಸಿತು. ಮಣ್ಣಿನ ರಾಶಿಯ ಮೇಲೆ ಒಂದು ಕಾಗೆ ಬಂದು ಕೂತಿತು. ಕೊನೆಗೆ ಕೆಂಪನಂಜಪ್ಪನವರು, "ಎಷ್ಟೊತ್ತು ನಿಂತಿದ್ರೂ ಅಷ್ಟೇಯ. ಎಳೀರಪ್ಪ ಮಣ್ಣ" ಎಂದರು. ಗೋವಿಂದಮ್ಮ ಅಡ್ಡ ಬಂದಳು. ಅವಳನ್ನು ಹೆಂಗಸರು ಹಿಡಿದುಕೊಂಡರು.

"ಪಿಕ್ಚರ್ ಬರ್ಲಿ ಅತ್ತಿಗಮ್ಮ" ಎಂದ ಚಿಕ್ಕಸಿದ್ದಯ್ಯ. "ಅಣ್ಣನ ಬಾಯಿಂದ್ಲೇ ಕೇಳ್ಕಂಡು ಬಂದು ಇಲ್ಲೇ ನಿಂತ್ಕಂಡು ಆಡ್ತೀನಿ. ಮಾದಪ್ಪನಾಣೆ."

"ನಾನು ಕಣ್ಮುಚ್ಚೋಕ್ಮುಂಚೆ ಆಡು" ಎಂದಳು ಅವಳು.

ಮಳೆಗಾಲ ಕಳೆಯಿತು, ಸುಗ್ಗಿ ಬಂತು, ಹೋಯಿತು. ಚಿಕ್ಕಸಿದ್ದಯ್ಯ ಕೊಳ್ಳೇಗಾಲಕ್ಕೆ ಹೋದಾಗಲೆಲ್ಲ ಸದಾಶಿವಪ್ಪನವರ ಅಂಗಡಿಗೆ ಹೋಗಿ ಷಡಕ್ಷರಿಯನ್ನು ಕೇಳಿ ಬರುತ್ತಿದ್ದ. ಬರುತ್ತೆ, ಬರುತ್ತೆ ಎಂದು ಷಡಕ್ಷರಿ ಹೇಳುತ್ತಿದ್ದ. ಒಂದು ದಿನ ಅವನೇ ಹೇಳಿ ಕಳುಹಿಸಿದ: ಟೆಂಟಿಗೆ ಬಂದಿದೆ, ಈ ವಾರವೆಲ್ಲ ಆಟಕ್ಕೆ ಮೊದಲು ತೋರಿಸುತ್ತಾರೆ.

ಗೋವಿಂದಮ್ಮ ತಾನೂ ಬರುತ್ತೇನೆ ಎಂದಳು. ಗಂಡ ಸತ್ತು ವರ್ಷ ತುಂಬದ ಹೆಂಗಸು ಟೆಂಟಿಗೆ ಹೋಗುವುದೇ ಎಂದು ನೆರೆಯವರು ತಡೆದರು. ಅವಳು ಮೈದುನನ ಕೈಗೆ ವಿಭೂತಿಯ ಗಟ್ಟಿ ಕೊಟ್ಟು, "ಅವ್ರ ಮೊಕ ಕಂಡಾಗ ಅಚ್ಕೊ. ಎಲ್ಡು ಕಿವೀಲೂ ಕೇಳು" ಎಂದು ಹೇಳಿ ಕಳುಹಿಸಿದಳು.

ಅವನು ಸಾಯಂಕಾಲದ ಆಟಕ್ಕೆ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ನೆಲದ ಮೇಲೆ ಮುಂದೆ ಕೂತ. ಸರ್ಕಾರದ ಚಿತ್ರ ಮುಗಿಯುವವರೆಗೆ ಬಹಳ ಮಂದಿ ಹೊರಗೆ ಬೀಡಿ ಸೇದುತ್ತ ನಿಲ್ಲುವುದು ವಾಡಿಕೆ. ಒಳಗಿದ್ದವರೂ ಕಡಲೆಕಾಯಿ ಸುಲಿಯುತ್ತ ಮಾತಾಡುತ್ತಿದ್ದರು. ಅವನು ವಿಭೂತಿ ಹಚ್ಚಿಕೊಂಡು ಕಾದ.

ಯಾವುದೋ ಊರಿನ ದೇವಸ್ಥಾನ ಬಂತು. ಯಳಂದೂರಿನ ಮಂಟಪ ಬಂತು. ಮಗ್ಗ ಬಂತು. ಯಾರೋ ಒಬ್ಬ ಗಂಭೀರವಾದ ದನಿಯಲ್ಲಿ ತಮಿಳಿನಲ್ಲಿ ಹೇಳಿಕೊಂಡು ಹೋಗುತ್ತಿದ್ದ. ನಮ್ಮದು ಆಗ ಮದರಾಸಿನ ಆಡಳಿತವಾದ್ದರಿಂದ ತಮಿಳಿನ ಚಿತ್ರವೇ ಬರುತ್ತಿತ್ತು. ಚಿಕ್ಕಸಿದ್ದಯ್ಯನಿಗೆ ಆ ಮಾತು ತಿಳಿಯುತ್ತಿತ್ತು. ಆಮೇಲೆ ಕಾಮಗೆರೆಯ ಹುಣಸೆಮರ ಬಂತು. ಅಣ್ಣ ಬಂದ. ರುಮಾಲು ಸುತ್ತಿದ ಅಣ್ಣ, ಎರಡಾಳೆತ್ತರ. ಹಿಂದೆ ತಾನು.

ಅಣ್ಣ ಬಾಯಿ ತೆರೆದ. ವೀಣೆಯ ನಾದ ಕೇಳಿಸಿತು.

ಚಿಕ್ಕಸಿದ್ದಯ್ಯ ಸುತ್ತಲೂ ನೋಡಿದ. ಮತ್ತೆ ತೆರೆ ನೋಡಿದ. ಕಂಸಾಳೆ ಬಡಿಯುತ್ತಿತ್ತು, ಕೇಳುತ್ತಿದ್ದದ್ದು ವೀಣೆ, ಅದರ ಮೇಲೆ ಆ ತಮಿಳಿನ ದನಿ. ಬೆಳೆ ಮನೆಗೆ ಬಂದ ಸಂತೋಷದಲ್ಲಿ ಹಳ್ಳಿಯ ಮುಗ್ಧ ಜನ ಹಾಡಿ ನಲಿಯುತ್ತಾರೆ ಎಂದು ಅದು ಹೇಳುತ್ತಿತ್ತು. ಆಮೇಲೆ ಅಣ್ಣನ ಮುಖವೊಂದೇ ತೆರೆಯ ತುಂಬ ಬಂತು. ಹಿಂದೆ ಯಾರೂ ಇರಲಿಲ್ಲ. ಅವನು ಮಂಡಿಯೂರಿದ್ದ. ಕಣ್ಣಿನಿಂದ ನೀರು ಇಳಿದು ಮೀಸೆಯವರೆಗೆ ಬಂದಿತ್ತು, ತುಟಿ ಅಲುಗುತ್ತಿತ್ತು. ಅದೇ ಸಾಲು. ಅಣ್ಣ ಅತ್ತದ್ದನ್ನು ಚಿಕ್ಕಸಿದ್ದಯ್ಯ ಹುಟ್ಟಿದ ಮೇಲೆ ಕಂಡಿರಲಿಲ್ಲ. ಇದು ಆನಂದದ ಕಣ್ಣೀರು ಎಂದು ತಮಿಳಿನ ದನಿ ಹೇಳಿತು. ತುಟಿ ಒಮ್ಮೆ ತೆರೆದು, ಮುಚ್ಚಿ, ಮತ್ತೆ ತೆರೆಯುವಷ್ಟರಲ್ಲಿ ಬೇರೆ ಊರಿನ ಕುಂಬಾರನ ಚಕ್ರ ತಿರುಗತೊಡಗಿತು.

ಅವನು ಎದ್ದು ಮಿಷಿನ್ನಿನ ಕೋಣೆಗೆ ಹೋದ. ಸದ್ದು ಕೆಟ್ಟಿದೆ, ಸರಿಮಾಡಿರಿ ಎಂದು ಅಲ್ಲಿನ ಆಪರೇಟರನ್ನು ಬೇಡಿಕೊಂಡ.

"ಕೆಟ್ಟಿಲ್ಲ ಕಣಯ್ಯ, ವೀಣೆ ಕೇಳ್ತಲ್ಲ" ಎಂದ ಆಪರೇಟರು.

"ನಮ್ಮಣ್ಣ ಆಡಿದ್ದು?"

"ಅವರು ತಂದಿದ್ದು ಬರೀ ಚಿತ್ರ ಹಿಡಿಯೋ ಮಿಷಿನ್ನು. ಸದ್ದಿಗೆ ಬೇರೆ ಮಿಷಿನ್ ಬೇಕು, ಅದು ಒಂದು ಗಾಡಿ ಸಾಮಾನು. ತಂದಿದ್ರಾ?"

"ಒಂದೇ ಪೆಟ್ಗೆ ತಂದಿದ್ರು ಸಾ."

"ಹಂಗಾದ್ರೆ ಅಷ್ಟೇ. ಊರಿಗೋಗಿ ವೀಣೆ ಸೇರಿಸವ್ರೆ. ಚೆನ್ನಾಗದೆ ಬುಡು. ನಿಮ್ಮಣ್ಣನ ಮೊಕ ಮದ್ರಾಸಲ್ಲೂ ಕಾಣ್ತದೆ ಈಗ."

ಷಡಕ್ಷರಿ ಅಂದು ಬೆಂಚಿನ ಮೇಲೆ ಕೂತಿದ್ದವನು ದೊಡ್ಡ ಆಟ ಶುರುವಾಗುವ ಮೊದಲೇ ಎದ್ದು ಹೊರಗೆ ಬಂದಿದ್ದ. ಟೆಂಟಿನ ಹಗ್ಗದ ಬಳಿ ಇಬ್ಬರೂ ಎದುರಾದರು.  "ನನಗೆ ಗೊತ್ತಿರಲಿಲ್ಲ ಸಿದ್ದಯ್ಯ" ಎಂದ ಷಡಕ್ಷರಿ.

"ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತು ಬುದ್ದಿ" ಎಂದು ಚಿಕ್ಕಸಿದ್ದಯ್ಯ ಹೇಳಿದ. ಅದಕ್ಕಿಂತ ಹೆಚ್ಚಿನ ಮಾತು ಅವರಿಬ್ಬರ ನಡುವೆ ಆಗಲಿಲ್ಲ, ಮುಂದೆಯೂ ಆಗಲಿಲ್ಲ.

ಆ ವಾರವೆಲ್ಲ ಅವನು ಪ್ರತಿ ಆಟಕ್ಕೂ ಹೋದ. ಗೇಟಿನವನು ಮರುಕಪಟ್ಟು ಸುಮ್ಮನೆ ಬಿಟ್ಟ. ತುಟಿಗಳಿಂದ ಒಂದು ಮಾತಾದರೂ ಸಿಕ್ಕೀತೆ ಎಂದು ನೋಡಿದ. ಒಂದು ಕಡೆ 'ಮಣ್ಣು' ಎಂಬಂತೆ ತುಟಿ ಕೂಡುತ್ತಿತ್ತು. ಅದು 'ಮಾದೇವ' ಇದ್ದರೂ ಇರಬಹುದು, 'ಮಗನೇ' ಇದ್ದರೂ ಇರಬಹುದು. ಅಣ್ಣನ ಮುಖದ ಒಂದೊಂದು ಗೆರೆಯೂ ಅವನಿಗೆ ಬಾಯಿಪಾಠವಾಯಿತು. ಸಾಲು ಮಾತ್ರ ಬರಲಿಲ್ಲ. ವಾರ ಕಳೆದ ಮೇಲೆ ಚಿತ್ರ ಬೇರೆ ಊರಿಗೆ ಹೋಯಿತು.

ಊರಿಗೆ ಬಂದಾಗ ಕೆಂಪನಂಜಪ್ಪನವರು ಜಗಲಿಯ ಮೇಲಿದ್ದರು. ಗೋವಿಂದಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನ್ಲಾ ಸಿದ್ದ, ಸಿಕ್ತಾ?"

ಅವನು ಅತ್ತಿಗೆಯ ಮುಖ ನೋಡಿದ. ಇಲ್ಲ ಎನ್ನಬೇಕೆಂದೇ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ.

"ಸಿಕ್ತು ಬುದ್ದಿ" ಎಂದ.

ಮಾರನೆಯ ದಿನ ಎಲ್ಲರೂ ಮಾದಸ್ವಾಮಿಯ ಸಮಾಧಿಗೆ ಹೋದರು. ಎಲ್ಲರೂ ದೂರ ಸರಿದು ನಿಂತರು. ಚಿಕ್ಕಸಿದ್ದಯ್ಯ ಒಬ್ಬನೇ ಅಣ್ಣನ ತಲೆಯ ಕಡೆ ಮಂಡಿಯೂರಿದ. ಅವನಿಗೆ ಸ್ವಾಮಿಯ ಕಥೆಯ ಬೇರೆ ಸಾಲುಗಳು ಬೇಕಾದಷ್ಟು ಬರುತ್ತಿದ್ದವು. ಅವುಗಳಲ್ಲಿ ಒಂದನ್ನು ಹಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸತ್ತವನಿಗೆ ತಿಳಿಯುತ್ತಿತ್ತು. ಬೇರೆ ಹಾಡನ್ನು ಇದೇ ಎಂದು ಕೊಡುವುದು ಸ್ವಾಮಿಗೆ ಮಾಡುವ ಮೋಸ ಎಂದು ಅವನಿಗೆ ಅನ್ನಿಸಿತು. ಮಣ್ಣಿನ ಸಾಲಿನಲ್ಲಿ ಅವನಿಗೆ ದಕ್ಕಿದ್ದು ತುಟಿ ಅಲುಗಿದ್ದು ಮಾತ್ರ. ಅದನ್ನೇ ಒಪ್ಪಿಸಿದ. ತೆರೆದು, ಮುಚ್ಚಿ, ಮತ್ತೆ ತೆರೆದು. ದನಿ ಹೊರಡಿಸಲಿಲ್ಲ.

ಜನ ಸಮಾಧಾನಪಟ್ಟುಕೊಂಡು ಮನೆಗೆ ಹೋದರು. ಸಾಲು ಮತ್ತೆ ಊರಿಗೆ ಬಂತು ಎಂದು ಹನೂರಿನವರೆಗೂ ಸುದ್ದಿಯಾಯಿತು. ಬೇಸಗೆಯಲ್ಲಿ ಮಧುವನಹಳ್ಳಿಯ ಮುತ್ತಯ್ಯನೆಂಬ ಗುಡ್ಡ ತೀರಿಕೊಂಡಾಗ ಕರೆ ಬಂತು. ಚಿಕ್ಕಸಿದ್ದಯ್ಯ ಹೋಗಲೇಬೇಕಾಯಿತು. ಅಲ್ಲಿಯೂ ಹಾಗೆಯೇ ಮಾಡಿದ.

"ನಿಮ್ಮಣ್ಣ ಬಾಳೊತ್ತು ತಕತಿದ್ರು. ನೀವು ಬಿರ್ನೆ ಮುಗಿಸ್ಬುಟ್ರಿ. ಒಳ್ಳೇದಾಯ್ತು, ಬಿಸ್ಲು" ಎಂದು ಸತ್ತವನ ಅಳಿಯ ಹೇಳಿದ.

ಗೋವಿಂದಮ್ಮ ಏನನ್ನೂ ಕೇಳಿರಲಿಲ್ಲ. ಒಂದು ದಿನ ರಾಗಿ ಬೀಸುತ್ತಿದ್ದವಳು ಕಲ್ಲನ್ನು ನಿಲ್ಲಿಸಿ ಮೈದುನನನ್ನು ಕರೆದಳು.

"ಸಿದ್ದಯ್ಯ, ಅವ್ರು ಆಡ್ವಾಗ ನಾನು ಎಷ್ಟೋ ಸಲ ದೂರ ನಿಂತಿವ್ನಿ. ಮಾತು ಕೇಳ್ತಿರ್ನಿಲ್ಲ. ಗಾಳಿ ಇತ್ತಾಗಿ ತಿರುಗುದ್ರೆ ಗುಂಯ್ ಅಂತ ಬರೋದು."

ಅವನು ಚೆಲ್ಲಿದ್ದ ರಾಗಿಯನ್ನು ಆಯತೊಡಗಿದ.

"ಅವತ್ತು ನೀನು ಸಮಾಧಿ ತಾವು ಕೂತಾಗ ಗಾಳಿ ನಮ್ಕಡೀಕೇ ಇತ್ತು."

"ಪೆಟ್ಗೇಲಿ ಅದಿರ್ನಿಲ್ಲ ಅತ್ತಿಗಮ್ಮ."

"ಗೊತ್ತಾಯ್ತು." ಅವಳು ಹಿಟ್ಟನ್ನು ಗುಡ್ಡೆ ಮಾಡಿದಳು. "ಊರೋರ್ಗೆ ಏಳ್ಬ್ಯಾಡ. ಸಾಯೋರು ಅದ್ನೊಂದ ನೆಚ್ಕಂಡು ಸಾಯ್ತಾವ್ರೆ. ಆದ್ರೆ ನಾನೋದಾಗ ನೀನು ಬಂದು ಬಾಯಾಡಿಸ್ಬ್ಯಾಡ. ಅವ್ರಿಗೆ ಇಲ್ದಿದ್ದು ನಂಗೂ ಬ್ಯಾಡ. ನನ್ನ ಸುಮ್ನೆ ಮುಚ್ಚಿ. ಎಲ್ಲಿ ಅಲೀತಾವ್ರೋ, ಉಡೀಕಂಡು ನಾನೂ ಅಲೀತೀನಿ."

ಅವಳು ಹೋದದ್ದು ಕಾರ್ತೀಕದಲ್ಲಿ. ಗುಂಡಿಗೆ ಇಳಿಸಿದ ಮೇಲೆ ಜನ ಹಿಂದೆ ಸರಿದರು. ಚಿಕ್ಕಸಿದ್ದಯ್ಯನೂ ಅವರ ಜೊತೆ ಹಿಂದೆ ಸರಿದ.

"ನೀನ್ಯಾಕ್ಲಾ ಇತ್ತ ಬಂದೆ?" ಎಂದರು ಕೆಂಪನಂಜಪ್ಪನವರು.

"ನಾನು ಆಡಲ್ಲ ಬುದ್ದಿ."

"ಯಾಕೆ?"

ಅವನು ಇನ್ನೊಂದು ಹೆಜ್ಜೆ ಹಿಂದೆ ಸರಿದ. ಅವರು ಗದರಿದರು, ಬೇಡಿಕೊಂಡರು. ಹೆಂಗಸರು ಶಾಪ ಹಾಕಿದರು. ಅಣ್ಣ ಸಾಲು ಕೊಡದೆ ಸತ್ತ ಸೇಡನ್ನು ಅತ್ತಿಗೆಯ ಹೆಣದ ಮೇಲೆ ತೀರಿಸಿಕೊಂಡ ಎಂದು ಒಬ್ಬ ಎಲ್ಲರಿಗೂ ಕೇಳಿಸುವಂತೆ ಹೇಳಿದ. ಆ ಮಾತು ಊರಿನಲ್ಲಿ ನಿಂತುಬಿಟ್ಟಿತು. ಅವನಿಗೆ ನೀರು ಕೊಡುವವರೂ ಮುಖ ತಿರುಗಿಸಿ ಕೊಡುವಂತಾಯಿತು.

ಆದರೂ ಸಾವಿನ ಮನೆಯವರು ಅವನನ್ನು ಕರೆಯುವುದನ್ನು ಬಿಡಲಿಲ್ಲ. ಬಿಟ್ಟರೆ ಇನ್ನು ಯಾರು? ಮುಂದಿನ ತಿಂಗಳು ಹನೂರಿನ ಕಡೆಯಿಂದ ಇಬ್ಬರು ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಬಂದರು. ಅವರ ತಂದೆ ತೀರಿಕೊಂಡಿದ್ದ. ಚಿಕ್ಕಸಿದ್ದಯ್ಯ ವಿಭೂತಿ ಧರಿಸಿ ಅವರ ಹಿಂದೆ ಹೊರಟ. ಕೆಲಸ ಮುಗಿಸಿ ಅವನು ಗುಂಡಿಯಿಂದ ಈಚೆ ಬರುವಾಗ ಆ ಇಬ್ಬರಲ್ಲಿ ಹಿರಿಯವನು ಕಣ್ಣೊರಸಿಕೊಂಡು ತಮ್ಮನಿಗೆ ಹೇಳುತ್ತಿದ್ದ:

"ಸ್ವಂತ ಅತ್ತಿಗ್ಗೇ ಆಡ್ನಿಲ್ವಂತೆ ಕಣ್ಲಾ. ನಮ್ಮಪ್ಪಂಗೆ ಆಡ್ದ. ನಮ್ ಪುಣ್ಯ."